ಟಿವಿಯಲ್ಲಿ ಬರದ ಮಾತ್ರೆಗಳು ನಮ್ಮ ಮನೆಗೆ ಯಾವ ದಾರಿಯಲ್ಲಿ ಬರುತ್ತವೆ?

ಕೆರೆದಂಡೆ, ತುಮಕೂರು · ಶನಿವಾರ ಬೆಳಿಗ್ಗೆ

ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಜಾಹೀರಾತನ್ನು ನಮ್ಮ ದೇಶದಲ್ಲಿ ಜನರ ಮುಂದೆ ಸುಮ್ಮನೆ ಹಾಕುವಂತಿಲ್ಲ. ಷೆಡ್ಯೂಲ್ ಎಚ್, ಎಚ್1, ಎಕ್ಸ್ ಅಂತ ಇಂಥ ಔಷಧಗಳ ಸರಕಾರಿ ಪಟ್ಟಿಗಳಿವೆ; ಅದರಲ್ಲಿರುವ ಔಷಧದ ಜಾಹೀರಾತಿಗೆ ಕೇಂದ್ರ ಸರಕಾರ ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಇದರ ಜೊತೆಗೆ 1954ರ ಇನ್ನೊಂದು ಕಾಯಿದೆಯೂ ಇದೆ. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್, ಬೊಜ್ಜು ಸೇರಿ 54 ತೊಂದರೆಗಳ ಪಟ್ಟಿ ಅದರಲ್ಲಿದೆ. ಇವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಟ್ಟರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲಾಗಬಹುದು.

ಅಂದ್ರೆ ಚೀಟಿ ಔಷಧ ಟಿವಿಯಲ್ಲೇ ಬರುವ ಅಮೆರಿಕಕ್ಕಿಂತ ಕಾಗದದ ಮೇಲೆ ನಾವು ಬಿಗಿ. ಹಾಗಿದ್ದೂ ನಮ್ಮ ಮನೆಗಳಲ್ಲಿ ಮಾತ್ರೆ ಯಾಕೆ ಇಷ್ಟೊಂದು ತುಂಬಿಕೊಂಡಿವೆ?

ಅಮ್ಮನಿಗೆ 68 ವರ್ಷ. ಬಿಪಿಗೆ ಒಬ್ಬರು ಡಾಕ್ಟರು, ಮಂಡಿನೋವಿಗೆ ಇನ್ನೊಬ್ಬರು, ತಲೆಸುತ್ತಿಗೆ ಮತ್ತೊಬ್ಬರು. ಕಳೆದ ವಾರ ಎಲ್ಲ ಚೀಟಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದೆ. ಮೂವರೂ ಒಂದೊಂದು ಗ್ಯಾಸ್ ಮಾತ್ರೆ ಬರೆದಿದ್ದಾರೆ. ಕಂಪನಿ ಹೆಸರು ಬೇರೆ ಬೇರೆ. ಎರಡರಲ್ಲಿ ಇರುವುದು ಪ್ಯಾಂಟೊಪ್ರಜೋಲ್, ಮೂರನೆಯದರಲ್ಲಿ ರಾಬೆಪ್ರಜೋಲ್ ಮತ್ತು ಇನ್ನೇನೋ. ಅಮ್ಮ ಮೂರನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುತ್ತಾರೆ. ಕೇಳಿದರೆ "ಡಾಕ್ಟರು ಬರೆದಿದ್ದಾರಲ್ಲ" ಅಂತಾರೆ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ.

ನನ್ನನ್ನು ಕೊರೆಯುತ್ತಿರುವುದು ಇದು. ಆ ಮಾತ್ರೆ ಶುರುವಾದ ತಾರೀಖು ಚೀಟಿಯಲ್ಲಿದೆ. ನಿಲ್ಲಿಸುವ ತಾರೀಖು ಯಾವ ಚೀಟಿಯಲ್ಲೂ ಇಲ್ಲ. ಶುರು ಮಾಡಿಸುವುದಕ್ಕೆ ಕಂಪನಿ, ಡಾಕ್ಟರ ಹತ್ತಿರ ಹೋಗಿ ಕಂಪನಿಯ ಔಷಧ ಹೇಳುವ ರೆಪ್, ಅಂಗಡಿ, ಆ್ಯಪ್ ಎಲ್ಲರೂ ಇದ್ದಾರೆ. ನಿಲ್ಲಿಸಿ ಅಂತ ಹೇಳುವುದು ಯಾರ ಕೆಲಸ? ಈ ಕ್ಷೇತ್ರದಲ್ಲಿ ಇರುವವರು ಬಿಡಿಸಿ ಹೇಳಿ, ದಯವಿಟ್ಟು.

—

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ · ಶನಿವಾರ

ಜಗತ್ತಿನಲ್ಲಿ ಚೀಟಿ ಔಷಧದ ಹೆಸರು ಹೇಳಿ ಟಿವಿಯಲ್ಲಿ ಜಾಹೀರಾತು ಹಾಕಲು ಬಿಡುವ ದೇಶಗಳು ಅಂದ್ರೆ ಅಮೆರಿಕ ಮತ್ತು ನ್ಯೂಜಿಲೆಂಡ್. ಇಲ್ಲಿ ಸಂಜೆ ಸುದ್ದಿ ಹಾಕಿದರೆ ಸಾಕು, ಒಂದರ ಹಿಂದೆ ಒಂದು. ಅಜ್ಜಿ ಮೊಮ್ಮಗನ ಜೊತೆ ನದಿ ದಂಡೆಯಲ್ಲಿ ನಡೆಯುತ್ತಾಳೆ, ನಾಯಿ ಓಡುತ್ತದೆ, ಹಿಂದಿನಿಂದ ಒಂದು ದನಿ ಲಿವರ್ ತೊಂದರೆ, ಆತ್ಮಹತ್ಯೆ ಯೋಚನೆ, ಸಾವು ಅಂತ ಓದುತ್ತಾ ಹೋಗುತ್ತದೆ. ಕೊನೆಗೆ "ನಿಮ್ಮ ಡಾಕ್ಟರನ್ನು ಕೇಳಿ".

ಇದು ಮೊದಲಿನಿಂದ ಹೀಗಿರಲಿಲ್ಲ. ಅಡ್ಡ ಪರಿಣಾಮಗಳನ್ನೆಲ್ಲ ಜಾಹೀರಾತಿನಲ್ಲೇ ಹೇಳಬೇಕು ಅಂತ ಇದ್ದದ್ದರಿಂದ ಟಿವಿಗೆ ಅದು ಹೊಂದುತ್ತಿರಲಿಲ್ಲ. 1997ರಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮ ಸಡಿಲಿಸಿತು. ಮುಖ್ಯ ಅಪಾಯಗಳನ್ನು ಹೇಳಿ, ಉಳಿದದ್ದಕ್ಕೆ ಫೋನ್ ನಂಬರ್, ವೆಬ್‌ಸೈಟ್ ತೋರಿಸಿದರೆ ಸಾಕು ಅಂತಾಯಿತು. ಅಲ್ಲಿಂದ ಗೇಟು ತೆರೆದಂತಾಯಿತು.

ವಯಾಕ್ಸ್ ಕಥೆ ನಿಮಗೆ ಗೊತ್ತಿರಬಹುದು. ಸಂಧಿನೋವಿನ ಮಾತ್ರೆ, ಮರ್ಕ್ ಕಂಪನಿಯದ್ದು. 1999ರಲ್ಲಿ ಮಾರುಕಟ್ಟೆಗೆ ಬಂತು. 2000ದಲ್ಲಿ ಒಂದೇ ವರ್ಷ ಜನರಿಗೆ ನೇರ ಜಾಹೀರಾತು ಕೊಡಲು ಸುಮಾರು 16 ಕೋಟಿ ಡಾಲರ್ ಸುರಿದರು. ಹಳೆಯ ನೋವಿನ ಮಾತ್ರೆಗಳಿಗಿಂತ ನೋವು ಕಡಿಮೆ ಮಾಡುವುದರಲ್ಲಿ ಅದು ಹೆಚ್ಚೇನೂ ಅಲ್ಲ. ಹೊಟ್ಟೆಗೆ ಸ್ವಲ್ಪ ಹಗುರ, ಅಷ್ಟೇ. ಹೊಟ್ಟೆಹುಣ್ಣಿನ ಭಯ ಇದ್ದ ಸ್ವಲ್ಪ ಜನಕ್ಕೆ ಬೇಕಿದ್ದ ಮಾತ್ರೆಯನ್ನು ಲಕ್ಷಾಂತರ ಜನ ನುಂಗಿದರು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತದೆ ಅಂತ ಖಚಿತವಾಗಿ 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ವಾಪಸ್ ತೆಗೆದುಕೊಂಡಿತು. ಜಾಹೀರಾತು ಇಲ್ಲದಿದ್ದರೆ ಆ ಐದು ವರ್ಷದಲ್ಲಿ ಅದನ್ನು ಅಷ್ಟು ಜನ ತಿನ್ನುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯ. 2005ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ನಟಿಯರನ್ನು ರೋಗಿಗಳಂತೆ ಡಾಕ್ಟರುಗಳ ಹತ್ತಿರ ಕಳಿಸಿದರು. ಕೆಲಸ ಹೋಗಿ ಬೇಜಾರಾಗಿದೆ, ನಿದ್ದೆ ಸರಿ ಇಲ್ಲ ಅನ್ನುವ ಥರದ ದೂರು. ಮಾತ್ರೆ ಬೇಕಾಗುವಂಥ ಖಿನ್ನತೆ ಅಲ್ಲ. ಏನೂ ಕೇಳದೆ ಕೂತವರಲ್ಲಿ ನೂರಕ್ಕೆ 10 ಜನಕ್ಕೆ ಖಿನ್ನತೆಯ ಮಾತ್ರೆ ಸಿಕ್ಕಿತು. ಟಿವಿಯಲ್ಲಿ ನೋಡಿದೆ ಅಂತ ಹೆಸರು ಹಿಡಿದು ಕೇಳಿದವರಲ್ಲಿ 55 ಜನಕ್ಕೆ ಸಿಕ್ಕಿತು. ಡಾಕ್ಟರು ಕೆಟ್ಟವರು ಅಂತಲ್ಲ. ಕೇಳುವವರು ಕೇಳಿದರೆ ಪೆನ್ನು ಓಡುತ್ತದೆ.

—

ಕೋಟೆ ಬಾಗಿಲು, ಚಿತ್ರದುರ್ಗ · ಶನಿವಾರ

ಎಡಿಸನ್ ಅವರ ಕೊನೆಯ ಮಾತೇ ನನ್ನ ಮಾತು. ಕಂಪನಿ ಮೇಲೆ ಯಾಕೆ ಎಲ್ಲ ಹೊರೆ ಹಾಕುತ್ತೀರಿ? ನಮ್ಮ ಕಡೆ ಜ್ವರ ಅಂತ ಹೋದವರು ಇಂಜೆಕ್ಷನ್ ಹಾಕಿಸಿಕೊಳ್ಳದೆ ಎದ್ದು ಬರುವುದಿಲ್ಲ. ಗ್ಲೂಕೋಸ್ ಏರಿಸದಿದ್ದರೆ "ಈ ಡಾಕ್ಟರಿಗೆ ಕೈಗುಣ ಇಲ್ಲ" ಅಂತಾರೆ. ಮರುದಿನ ಪಕ್ಕದ ಕ್ಲಿನಿಕ್‌ಗೆ ಹೋಗುತ್ತಾರೆ. ಜಾಹೀರಾತು ಬೇಕಾಗಿಯೇ ಇಲ್ಲ ಇವರಿಗೆ.

—

ಬ್ಯಾಗ್ ಇಳಿಸಿದವನು, ಹುಬ್ಬಳ್ಳಿ · ಶನಿವಾರ ರಾತ್ರಿ

ನಾನು ಬಹಳ ವರ್ಷ ಮೆಡಿಕಲ್ ರೆಪ್ ಆಗಿದ್ದೆ. ಈಗ ಬೇರೆ ಕೆಲಸ. ಕಂಪನಿ ಹೆಸರು ಹೇಳುವುದಿಲ್ಲ, ಕೇಳಬೇಡಿ.

ಕೋಟೆ ಬಾಗಿಲು ಸರ್, ಜನ ಇಂಜೆಕ್ಷನ್ ಕೇಳುತ್ತಾರೆ, ನಿಜ. ಆದರೆ ಯಾವ ಇಂಜೆಕ್ಷನ್, ಯಾವ ಕಂಪನಿದು, ಅದರ ಜೊತೆ ಯಾವ ಎರಡು ಮಾತ್ರೆ ಅನ್ನುವುದನ್ನು ಜನ ಕೇಳುವುದಿಲ್ಲ. ಅದನ್ನು ತೀರ್ಮಾನ ಮಾಡಿಸುವುದು ನಮ್ಮ ಕೆಲಸವಾಗಿತ್ತು.

ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ರೆಪ್‌ಗೆ ಒಂದು ಏರಿಯಾ, ಒಂದು ಡಾಕ್ಟರ್ ಲಿಸ್ಟ್ ಇರುತ್ತದೆ. ದಿನಕ್ಕೆ ಇಷ್ಟು ಕಾಲ್, ಅಂದ್ರೆ ಡಾಕ್ಟರ ಭೇಟಿ, ಮುಗಿಸಬೇಕು. ಡಾಕ್ಟರ ಮುಂದೆ ಒಂದೆರಡು ನಿಮಿಷ ಸಿಕ್ಕಿದರೆ ಪುಣ್ಯ. ಆಮೇಲೆ ನಿಜವಾದ ಕೆಲಸ. ಆ ಕ್ಲಿನಿಕ್ ಹತ್ತಿರದ ಮೆಡಿಕಲ್ ಶಾಪ್‌ಗೆ ಹೋಗಿ, ಆ ಡಾಕ್ಟರು ಯಾವ ಕಂಪನಿ ಮಾಲು ಎಷ್ಟು ಬರೆಯುತ್ತಿದ್ದಾರೆ ಅಂತ ವಿಚಾರಿಸಿ ಬರೆದುಕೊಳ್ಳುತ್ತೇವೆ. ಇದಕ್ಕೆ ಆರ್‌ಸಿಪಿಎ ಅಂತಾರೆ. ಅಂದ್ರೆ ನಿಮ್ಮ ಅಮ್ಮನ ಚೀಟಿ ಯಾವುದೋ ಮ್ಯಾನೇಜರ್‌ನ ತಿಂಗಳ ಲೆಕ್ಕದಲ್ಲಿ ಒಂದು ಅಂಕಿ. ಬರೆಯುವುದು ಕಡಿಮೆ ಆದರೆ ಮೇಲಿನಿಂದ ಫೋನ್ ಬರುತ್ತದೆ. ಟಾರ್ಗೆಟ್ ಮುಟ್ಟದಿದ್ದರೆ ಇನ್ಸೆಂಟಿವ್ ಇಲ್ಲ, ಕೆಲವು ಸಲ ಕೆಲಸವೂ ಇಲ್ಲ.

ಗ್ಯಾಸ್ ಮಾತ್ರೆ ಬಗ್ಗೆ ಕೇಳಿದ್ದೀರಿ. ಅದು ರೆಪ್‌ಗಳಿಗೆ ತುಂಬ ಸುಲಭದ ಮಾಲು. ಯಾವ ಡಾಕ್ಟರಿಗೂ ಹೇಳಬಹುದು. ಮೂಳೆ ಡಾಕ್ಟರಿಗೆ ನೋವಿನ ಮಾತ್ರೆ ಜೊತೆ, ಜನರಲ್ ಡಾಕ್ಟರಿಗೆ ಆ್ಯಂಟಿಬಯಾಟಿಕ್ ಜೊತೆ, ಹೃದಯದ ಡಾಕ್ಟರಿಗೆ ರಕ್ತ ತೆಳು ಮಾಡುವ ಮಾತ್ರೆ ಜೊತೆ. "ಸರ್, ಜೊತೆಗೆ ಇದೊಂದು ಹಾಕಿ" ಅಂದರೆ ಮುಗಿಯಿತು. ಮೂರು ಡಾಕ್ಟರು ಮೂರು ಸಲ ಬರೆದಿರುವುದರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ಉಡುಗೊರೆ ವಿಷಯ. ಡಾಕ್ಟರು ಕಂಪನಿಯಿಂದ ಗಿಫ್ಟ್, ಪ್ರವಾಸ ತೆಗೆದುಕೊಳ್ಳಬಾರದು ಅಂತ ವೈದ್ಯಕೀಯ ಮಂಡಳಿ 2009ರಲ್ಲೇ ನಿಯಮ ಮಾಡಿತು. ಆ ನಿಯಮ ಡಾಕ್ಟರಿಗೆ ಮಾತ್ರ, ಕೊಡುವ ಕಂಪನಿಗೆ ಅಲ್ಲ ಅಂತ ವಾದ ನಡೆಯಿತು. ಗಿಫ್ಟ್ ಕೊಟ್ಟ ಹಣವನ್ನೇ ವ್ಯಾಪಾರದ ಖರ್ಚು ಅಂತ ತೋರಿಸಿ ಆದಾಯ ತೆರಿಗೆ ವಿನಾಯಿತಿ ಕೇಳಿದ ಒಂದು ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಪೆಕ್ಸ್ ಲ್ಯಾಬೊರೇಟರೀಸ್ ಕೇಸು, 2022ರ ಫೆಬ್ರವರಿ 22ರ ತೀರ್ಪು. ತೆಗೆದುಕೊಳ್ಳುವುದು ತಪ್ಪಾದರೆ ಕೊಡುವುದೂ ತಪ್ಪು, ವಿನಾಯಿತಿ ಇಲ್ಲ ಅಂತ ಕೋರ್ಟ್ ಹೇಳಿತು. ಆ ಗಿಫ್ಟ್‌ಗಳ ಖರ್ಚು ಕೊನೆಗೆ ಔಷಧದ ಬೆಲೆಗೇ ಸೇರುತ್ತದೆ ಅನ್ನುವುದನ್ನೂ ಗುರುತಿಸಿತು. ನಮ್ಮಂಥವರಿಗೆ ಮೊದಲೇ ಗೊತ್ತಿದ್ದ ವಿಷಯ ಅದು.

2024ರ ಮಾರ್ಚ್‌ನಲ್ಲಿ ಕೇಂದ್ರ ಹೊಸ ಸಂಹಿತೆ ತಂದಿದೆ. ಗಿಫ್ಟ್ ಇಲ್ಲ, ಫಾರಿನ್ ಟ್ರಿಪ್ ಇಲ್ಲ, ಸ್ಯಾಂಪಲ್ ಬೆಲೆ ಕಂಪನಿಯ ದೇಶದೊಳಗಿನ ಮಾರಾಟದ ಶೇ 2 ದಾಟಬಾರದು. ಓದಲು ಚೆನ್ನಾಗಿದೆ. ಆದರೆ ದೂರು ಕೊಟ್ಟರೆ ವಿಚಾರಣೆ ಮಾಡುವುದು ಕಂಪನಿಗಳ ಸಂಘದ್ದೇ ಸಮಿತಿ. ಇದಕ್ಕೆ ಕಾನೂನಿನ ಬಲ ಕೊಡಿ ಅಂತ ಸುಪ್ರೀಂ ಕೋರ್ಟ್‌ಗೆ ಹೋದದ್ದು ಯಾರು ಗೊತ್ತಾ? ರೆಪ್‌ಗಳ ಒಕ್ಕೂಟವೇ. ಬ್ಯಾಗ್ ಹೊತ್ತವರೇ ನಿಲ್ಲಿಸಿ ಅನ್ನುತ್ತಿದ್ದಾರೆ. ಇದನ್ನು ಯಾಕೆ ಯಾರೂ ಎತ್ತಿ ಹೇಳುವುದಿಲ್ಲ ಅಂತ ನನಗೆ ಬೇಸರ ಇದೆ.

—

ಹಳೇಪೇಟೆ ಮೆಡಿಕಲ್ಸ್, ದಾವಣಗೆರೆ · ಭಾನುವಾರ

ಅಂಗಡಿಯವರ ಕಡೆಯಿಂದ ಎರಡು ಮಾತು.

ಬೆಳಿಗ್ಗೆ ಬರುವವರಲ್ಲಿ ಚೀಟಿ ಇರುವವರು ಕೆಲವರು. ಉಳಿದವರ ಕೈಯಲ್ಲಿ ಖಾಲಿ ಸ್ಟ್ರಿಪ್, ಇಲ್ಲ ಮೊಬೈಲ್‌ನಲ್ಲಿ ಸ್ಟ್ರಿಪ್‌ನ ಫೋಟೋ. "ಹೋದ ಸಲ ಇದೇ ತಗೊಂಡಿದ್ದೆ, ಕಡಿಮೆ ಆಗಿತ್ತು, ಮೂರು ಮಾತ್ರೆ ಕತ್ತರಿಸಿ ಕೊಡಿ." ಅದು ಅಜಿತ್ರೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಆಗಿರುತ್ತದೆ. ಕೊಡಲ್ಲ ಅಂದ್ರೆ ಎದುರಿನ ಅಂಗಡಿಗೆ ಹೋಗುತ್ತಾರೆ, ಇನ್ನು ಮೇಲೆ ಸೋಪಿಗೂ ನಮ್ಮ ಹತ್ತಿರ ಬರುವುದಿಲ್ಲ.

2014ರ ಮಾರ್ಚ್‌ನಿಂದ ಎಚ್1 ಪಟ್ಟಿ ಬಂದಿದೆ. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್, ಟಿಬಿ ಔಷಧ, ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ ಇದರಲ್ಲಿ ಬರುತ್ತವೆ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ನಾನು ಬರೆಯುತ್ತೇನೆ. ಎಲ್ಲರೂ ಬರೆಯುತ್ತಾರೆ ಅಂತ ಹೇಳಲಾರೆ.

ಇನ್ನು ಲಾಭದ ಮಾತು. ಬೆಲೆ ನಿಯಂತ್ರಣದ ಔಷಧದಲ್ಲಿ ಅಂಗಡಿಗೆ ಶೇ 16, ಉಳಿದದ್ದರಲ್ಲಿ ಶೇ 20. ಇದು ಲೆಕ್ಕದ ಮಾತು. ರೆಪ್ ಇಲ್ಲದೆ ನೇರ ಅಂಗಡಿಗೆ ಬರುವ ಬ್ರಾಂಡ್ ಇರುತ್ತದೆ ನೋಡಿ, ಜೆನೆರಿಕ್ ಅಂತಲೇ ಬರುತ್ತದೆ, ಅದರ ಮೇಲೆ ಬರೆದ ಬೆಲೆಗೂ ನಾವು ಕೊಟ್ಟ ಬೆಲೆಗೂ ಅಜಗಜಾಂತರ. ಹತ್ತು ಬಾಕ್ಸ್ ತಗೊಂಡರೆ ಮೇಲೆ ಫ್ರೀ ಬಾಕ್ಸ್ ಸ್ಕೀಮ್ ಬೇರೆ. ಹಾಗಾಗಿ "ಅಣ್ಣ, ಹೊಟ್ಟೆ ಉಬ್ಬರ" ಅಂದವರಿಗೆ ಯಾವ ಮಾತ್ರೆ ಕೈಗೆ ಬರುತ್ತದೆ ಅಂತ ನೀವೇ ಊಹಿಸಿ. ನನ್ನ ಕಸುಬಿನವರ ಬಗ್ಗೆಯೇ ಹೇಳುತ್ತಿದ್ದೇನೆ, ಆದರೆ ಹೇಳಲೇಬೇಕು.

ಆ್ಯಪ್‌ಗಳ ವಿಷಯ ಯಾರೂ ಎತ್ತಿಲ್ಲ. ಅಲ್ಲಿ ಮೊದಲು ಮಾತ್ರೆ ಆರಿಸಿ ದುಡ್ಡು ಕಟ್ಟುವುದು, ಆಮೇಲೆ ಅವರ ಕಡೆಯ ಡಾಕ್ಟರು ಫೋನ್ ಮಾಡಿ ಚೀಟಿ ಮಾಡಿಕೊಡುವುದು. ಚೀಟಿಯೇ ಬಿಲ್ಲಿನ ಹಿಂದೆ ಬರುತ್ತದೆ. ಆನ್‌ಲೈನ್ ಔಷಧ ಮಾರಾಟಕ್ಕೆ 2018ರಲ್ಲಿ ಕರಡು ನಿಯಮ ಬಂದಿತ್ತು. ಅದು ಕರಡಾಗಿಯೇ ವರ್ಷಗಟ್ಟಲೆ ಕೂತಿತು.

—

ಸಾಲಿನಲ್ಲಿ ಕೂತವರು, ತಾಲೂಕು ಆಸ್ಪತ್ರೆ ವೈದ್ಯೆ · ಭಾನುವಾರ ರಾತ್ರಿ

ಕೆರೆದಂಡೆ ಅವರೇ, ಮೊದಲು ಒಂದು ಕೆಲಸ ಮಾಡಿ. ಆ ಮೂರನೆಯ ಗ್ಯಾಸ್ ಮಾತ್ರೆಯಲ್ಲಿ "ಮತ್ತು ಇನ್ನೇನೋ" ಅಂದಿರಲ್ಲ, ಅದು ಏನು ಅಂತ ಸ್ಟ್ರಿಪ್ ತಿರುಗಿಸಿ ಓದಿ. ಲೆವೊಸಲ್ಪಿರೈಡ್ ಅಂತ ಇದೆಯಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮ ದೇಶದಲ್ಲಿ ರಾಬೆಪ್ರಜೋಲ್ ಜೊತೆ ಅದನ್ನು ಸೇರಿಸಿದ ಕ್ಯಾಪ್ಸೂಲ್ ಬಹಳ ಓಡುತ್ತದೆ. ಜನರ ಬಾಯಲ್ಲಿ ಅದೂ ಗ್ಯಾಸ್ ಮಾತ್ರೆಯೇ. ಆದರೆ ಲೆವೊಸಲ್ಪಿರೈಡ್ ಮೆದುಳಿನ ಡೋಪಮಿನ್ ಅನ್ನುವ, ಕೈಕಾಲಿನ ಚಲನೆಗೆ ಬೇಕಾದ ರಾಸಾಯನಿಕದ ಮೇಲೆ ಕೆಲಸ ಮಾಡುವ ಔಷಧ. ವಯಸ್ಸಾದವರು ತಿಂಗಳುಗಟ್ಟಲೆ ತಿಂದರೆ ಕೈ ನಡುಗುವುದು, ನಡಿಗೆ ನಿಧಾನ ಆಗುವುದು, ಮುಖದಲ್ಲಿ ಭಾವ ಕಡಿಮೆ ಆಗುವುದು ಶುರುವಾಗಬಹುದು. ನೋಡಿದರೆ ಪಾರ್ಕಿನ್ಸನ್ ಅನ್ನುವ ನಡುಕದ ಕಾಯಿಲೆ ಥರವೇ ಇರುತ್ತದೆ. ಮನೆಯವರು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಗ್ಯಾಸ್ ಮಾತ್ರೆಯನ್ನು ಯಾರೂ ಔಷಧ ಅಂತಲೇ ಲೆಕ್ಕಕ್ಕೆ ಇಡದ ಕಾರಣ ಅದರ ಹೆಸರು ಹೇಳುವುದಿಲ್ಲ. ಪಾರ್ಕಿನ್ಸನ್ ಮಾತ್ರೆ ಶುರುವಾಗುತ್ತದೆ. ಅದಕ್ಕೆ ಹೊಟ್ಟೆ ತೊಳಸುತ್ತದೆ. ತೊಳಸುವುದಕ್ಕೆ ಮತ್ತೊಂದು ಮಾತ್ರೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಕೂಡ ಬಹಳ ದಿನ ತಿಂದರೆ ಇದೇ ತೊಂದರೆ ಕೊಡಬಲ್ಲದು. ನಿಮ್ಮ ಅಮ್ಮನಿಗೆ ತಲೆಸುತ್ತಿಗೂ ಮಾತ್ರೆ ಇದೆ ಅಂದಿರಿ, ಅದರ ಹೆಸರೂ ನೋಡಿ.

ಮಾತ್ರೆಯ ತೊಂದರೆಯನ್ನು ಹೊಸ ಕಾಯಿಲೆ ಅಂದುಕೊಂಡು ಅದಕ್ಕೊಂದು ಮಾತ್ರೆ ಬರೆಯುವುದು, ಇದು ದಿನಾ ನಡೆಯುತ್ತದೆ. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಊತಕ್ಕೆ ನೀರು ಹೋಗುವ ಮಾತ್ರೆ. ಅದರಿಂದ ಯೂರಿಕ್ ಆಸಿಡ್ ಏರಿ ಕಾಲ್ಬೆರಳು ನೋವು. ನೋವಿಗೆ ಡೈಕ್ಲೊಫೆನಾಕ್. ಅದು ಬಿಪಿಯನ್ನೂ ಏರಿಸುತ್ತದೆ, ಕಿಡ್ನಿಗೂ ಭಾರ. ಆಗ ಬಿಪಿ ಮಾತ್ರೆಯ ಡೋಸ್ ಜಾಸ್ತಿ.

ಸಾದಾ ಗ್ಯಾಸ್ ಮಾತ್ರೆಯೂ ಸುಮ್ನೆ ಅಲ್ಲ. ಎದೆಯುರಿಗೆ ನಾಲ್ಕರಿಂದ ಎಂಟು ವಾರ ಸಾಮಾನ್ಯವಾಗಿ ಸಾಕು. ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕಡಿಮೆ, ಮೆಗ್ನೀಸಿಯಂ ಕಡಿಮೆ, ಮೂಳೆ ಮುರಿತ, ಕರುಳಿನ ಸೋಂಕು ಜಾಸ್ತಿ ಕಂಡುಬಂದಿದೆ. ಇನ್ನೊಂದು ತೊಡಕು: ಬಹಳ ದಿನ ತಿಂದು ಒಮ್ಮೆಲೇ ಬಿಟ್ಟರೆ ಆಸಿಡ್ ಮೊದಲಿಗಿಂತ ಜೋರಾಗಿ ಬರುತ್ತದೆ. ಜನ "ಬಿಟ್ಟರೆ ಆಗಲ್ಲ, ನನಗೆ ಬೇಕೇ ಬೇಕು" ಅಂತ ಮತ್ತೆ ಶುರು ಮಾಡುತ್ತಾರೆ. ನಿಧಾನವಾಗಿ ಇಳಿಸಬೇಕು. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ದಿನಾ ತಿನ್ನುವ ವಯಸ್ಸಾದವರಿಗೆ ಅದು ಬೇಕೂ ಬೇಕು, ಮರೆಯಬೇಡಿ.

ಈಗ ನನ್ನ ತಕರಾರು. ಇಂಥ ಚರ್ಚೆ ಓದಿ ಯಾರಾದರೂ ನಾಳೆ ಬೆಳಿಗ್ಗೆ ಬಿಪಿ ಮಾತ್ರೆ, ಶುಗರ್ ಮಾತ್ರೆ, ಫಿಟ್ಸ್ ಮಾತ್ರೆ ಬಿಟ್ಟರೆ ನಾನು ಇಲ್ಲಿ ಬರೆದದ್ದೇ ಪಾಪ. ನಾನು ವಾರ್ಡಿನಲ್ಲಿ ನೋಡುವ ಪಾರ್ಶ್ವವಾಯು ರೋಗಿಗಳಲ್ಲಿ ಬಹಳ ಜನ ಬಿಪಿ ಮಾತ್ರೆ ಬಿಟ್ಟವರು. "ಅಭ್ಯಾಸ ಆಗಿಬಿಡುತ್ತೆ" ಅಂತಲೋ, ಯಾವುದೋ ಕಷಾಯದ ವಿಡಿಯೋ ನೋಡಿಯೋ ಬಿಟ್ಟಿರುತ್ತಾರೆ. ನಮ್ಮಲ್ಲಿ ಬೇಡದ ಮಾತ್ರೆ ಜಾಸ್ತಿ, ಬೇಕಾದ ಮಾತ್ರೆ ಕಡಿಮೆ. ಎರಡೂ ಒಂದೇ ಮನೆಯಲ್ಲಿ, ಒಬ್ಬರೇ ಮನುಷ್ಯರಲ್ಲಿ ಇರುತ್ತದೆ.

ನಿಲ್ಲಿಸಿ ಅನ್ನುವುದು ಯಾರ ಕೆಲಸ ಅಂತ ಕೇಳಿದಿರಿ. ನಮ್ಮದು. ಇದನ್ನು ನಾನು ತಿರುಗಿಸಿ ಹೇಳುವುದಿಲ್ಲ. ಆದರೆ ಹೊರಗೆ ಸಾಲು ಬಾಗಿಲು ದಾಟಿರುವಾಗ ಇನ್ನೊಬ್ಬ ಡಾಕ್ಟರು ಬರೆದ ಮಾತ್ರೆಯನ್ನು ತೆಗೆಯುವುದಕ್ಕೆ ಬೇಕಾದ ಹೊತ್ತು, ಒಂದು ಮಾತ್ರೆ ಸೇರಿಸುವುದಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

—

ಕೆರೆದಂಡೆ · ಸೋಮವಾರ ಬೆಳಿಗ್ಗೆ

ಮೇಡಂ, ಇದೆ. ರಾಬೆಪ್ರಜೋಲ್ 20, ಲೆವೊಸಲ್ಪಿರೈಡ್ 75. ತಲೆಸುತ್ತಿನದ್ದು ಸಿನ್ನರಿಜಿನ್ ಅಲ್ಲ, ಬೀಟಾಹಿಸ್ಟಿನ್.

ಅಮ್ಮನಿಗೆ ಯುಗಾದಿಯಿಂದೀಚೆಗೆ ಬಲಗೈ ಸಣ್ಣಗೆ ನಡುಗುತ್ತಿದೆ. ಹೂ ಕಟ್ಟುವಾಗ ಗೊತ್ತಾಗುತ್ತದೆ. ವಯಸ್ಸಾಯಿತಲ್ಲ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಇವತ್ತೇ ಹೋಗುತ್ತೇವೆ.

—

ಸಾಲಿನಲ್ಲಿ ಕೂತವರು · ಸೋಮವಾರ

ಅದನ್ನು ಬರೆದ ಡಾಕ್ಟರಿಗೇ ತೋರಿಸಿ. ಎಲ್ಲ ಚೀಟಿ, ಎಲ್ಲ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಕೈ ನಡುಗುವುದಕ್ಕೆ ಇದು ಕಾರಣ ಇರಬಹುದಾ?" ಅಂತ ನೇರವಾಗಿ ಕೇಳಿ. ನಿಲ್ಲಿಸಿದರೂ ನಡುಕ ಹೋಗಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಗಾಬರಿ ಬೇಡ.

—

ಮಲ್ಲಿಗೆ ಬಳ್ಳಿ, ಹಾಸನ · ಸೋಮವಾರ

ಮಾತ್ರೆ ಬಗ್ಗೆಯೇ ಎಲ್ಲರೂ ಹೇಳುತ್ತಿದ್ದೀರಿ. ಟ್ಯೂಬ್ ಬಗ್ಗೆ ನಾನು ಹೇಳುತ್ತೇನೆ.

ನನ್ನ ತಂಗಿಗೆ ಮದುವೆಗೆ ಮುಂಚೆ ಕೆನ್ನೆಯಲ್ಲಿ ಕಪ್ಪು ಕಲೆ ಇತ್ತು. ಪಾರ್ಲರ್‌ನಲ್ಲಿ ಒಂದು ಕ್ರೀಮ್ ಹೇಳಿದರು, ಮೆಡಿಕಲ್ ಶಾಪ್‌ನಲ್ಲಿ ಕೇಳಿದ ತಕ್ಷಣ ಕೊಟ್ಟರು. ವಾರದಲ್ಲಿ ಮುಖ ಬೆಳ್ಳಗಾಯಿತು. ಎಲ್ಲರೂ ಹೊಗಳಿದರು. ಆಮೇಲೆ ಬಿಟ್ಟರೆ ಉರಿ, ಬಿಸಿಲಿಗೆ ಹೋದರೆ ಮುಖ ಕೆಂಡ. ಹಚ್ಚಿದರೆ ಸಮಾಧಾನ. ಎರಡನೇ ವರ್ಷಕ್ಕೆ ಕೆನ್ನೆಯ ಮೇಲೆ ಸಣ್ಣ ಕೆಂಪು ನರಗಳು, ಗಲ್ಲದ ಮೇಲೆ ಕೂದಲು. ಚರ್ಮದ ಡಾಕ್ಟರು ಟ್ಯೂಬ್ ನೋಡಿ, ಇದರಲ್ಲಿ ಸ್ಟಿರಾಯ್ಡ್ ಇದೆ ಅಂದರು. ಅವಳಿಗೆ ಆ ಪದವೇ ಗೊತ್ತಿರಲಿಲ್ಲ. ಈಗಲೂ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಹೊರಗೆ ಹೋಗುತ್ತಾಳೆ. ನನಗೆ ಇದನ್ನು ನೆನೆದರೆ ಸಿಟ್ಟು ತಡೆಯಲು ಆಗುವುದಿಲ್ಲ.

ಇದಕ್ಕೆ ಯಾರೂ ಏನೂ ಮಾಡಲಿಲ್ಲವಾ?

—

ಹಳೇಪೇಟೆ ಮೆಡಿಕಲ್ಸ್ · ಸೋಮವಾರ ರಾತ್ರಿ

ಮಾಡಿದರು ಮೇಡಂ, ತಡವಾಗಿ. ಷೆಡ್ಯೂಲ್ ಎಚ್‌ನಲ್ಲಿ ಒಂದು ಸಂದು ಇತ್ತು. ಮೈ ಮೇಲೆ ಹಚ್ಚುವ ಔಷಧಕ್ಕೆ ಆ ಪಟ್ಟಿಯ ಕಟ್ಟು ಬಹುಮಟ್ಟಿಗೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಸ್ಟಿರಾಯ್ಡ್ ಕ್ರೀಮ್ ಚೀಟಿ ಇಲ್ಲದೆ ಹೋಗುತ್ತಿತ್ತು, ಕೆಲವು ಟಿವಿಯಲ್ಲೂ ಬರುತ್ತಿದ್ದವು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ 2018ರ ಮಾರ್ಚ್‌ನಲ್ಲಿ 14 ಸ್ಟಿರಾಯ್ಡ್‌ಗಳ ಹಚ್ಚುವ ಔಷಧಕ್ಕೂ ಚೀಟಿ ಕಡ್ಡಾಯ ಮಾಡಿದರು.

ನಿಯಮ ಬಂತು, ಗಿರಾಕಿ ನಿಂತಿಲ್ಲ. ಹುಳುಕಡ್ಡಿಗೆ ಅಂತ ಕೇಳುತ್ತಾರೆ. ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಫಂಗಸ್ ಔಷಧ ಮೂರೂ ಬೆರೆಸಿದ ಟ್ಯೂಬ್. ಹಚ್ಚಿದ ದಿನವೇ ಕಡಿತ ನಿಲ್ಲುತ್ತದೆ, ಅದು ಸ್ಟಿರಾಯ್ಡ್ ಮಾಡಿದ ಕೆಲಸ. ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ.

—

ಸಾಲಿನಲ್ಲಿ ಕೂತವರು · ಮಂಗಳವಾರ

ಅದಕ್ಕೆ ಸೇರಿಸುತ್ತೇನೆ. ಈಗ ಬರುವ ಹುಳುಕಡ್ಡಿ ನಾನು ಓದುವಾಗ ನೋಡಿದ ಹುಳುಕಡ್ಡಿ ಅಲ್ಲ. ಟರ್ಬಿನಾಫಿನ್ ಅನ್ನುವ ಫಂಗಸ್ ಔಷಧಕ್ಕೆ ಬಗ್ಗದ ಒಂದು ಫಂಗಸ್ ಹರಡಿದೆ. ಅದಕ್ಕೆ ಇಟ್ಟಿರುವ ಹೆಸರು ಟ್ರೈಕೊಫೈಟಾನ್ ಇಂಡೋಟಿನಿಯೆ. ಹೆಸರಿನಲ್ಲೇ ನಮ್ಮ ದೇಶ ಇದೆ. 2023ರಲ್ಲಿ ಅದು ನ್ಯೂಯಾರ್ಕ್‌ನಲ್ಲೂ ಪತ್ತೆಯಾಯಿತು. ಬೆರಕೆ ಕ್ರೀಮ್‌ಗಳ ಯದ್ವಾತದ್ವಾ ಬಳಕೆ ಇದಕ್ಕೆ ದೊಡ್ಡ ಕಾರಣ ಅಂತ ಚರ್ಮವೈದ್ಯರು ಹೇಳುತ್ತಾರೆ. ಇಡೀ ಮನೆಗೆ ಹತ್ತಿಕೊಂಡು ತಿಂಗಳುಗಟ್ಟಲೆ ಮಾತ್ರೆ ತಿನ್ನುವವರನ್ನು ನೋಡುತ್ತೇನೆ.

—

ಹದ್ದಿನಕಲ್ಲು, ರಾಮನಗರ · ಮಂಗಳವಾರ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ರಾಮದೇವರ ಬೆಟ್ಟದ ರಣಹದ್ದುಗಳು ಕಡಿಮೆ ಆದ ಕಥೆಯಲ್ಲೂ ನೋವಿನ ಔಷಧವೇ ಇದೆ. ದೇಶದಲ್ಲೆಲ್ಲ ರಣಹದ್ದು ಸತ್ತದ್ದು ದನಕ್ಕೆ ಹಾಕಿದ ಡೈಕ್ಲೊಫೆನಾಕ್‌ನಿಂದ. ಸತ್ತ ದನ ತಿಂದ ಹದ್ದಿಗೆ ಕಿಡ್ನಿ ಹೋಗುತ್ತಿತ್ತು. ದನಕ್ಕೆ ಕೊಡುವುದನ್ನು 2006ರಲ್ಲಿ ನಿಲ್ಲಿಸಿದರು. ಆದರೆ ಮನುಷ್ಯರಿಗೆ ಅಂತ ಮಾಡಿದ ದೊಡ್ಡ ಬಾಟಲಿಯನ್ನೇ ಜನ ದನಕ್ಕೆ ಹಾಕತೊಡಗಿದರು. ಅಂಗಡಿಯಲ್ಲಿ ಕೇಳಿದರೆ ಸಿಗುತ್ತಿತ್ತಲ್ಲ! ಕೊನೆಗೆ 2015ರಲ್ಲಿ ಮನುಷ್ಯರ ಇಂಜೆಕ್ಷನ್ ಬಾಟಲಿ 3 ಎಂಎಲ್ ದಾಟಬಾರದು ಅಂತ ಮಾಡಬೇಕಾಯಿತು. ಚೀಟಿ ಕೇಳಿ ಮಾರಿದ್ದರೆ ಅದರ ಅಗತ್ಯವೇ ಇರುತ್ತಿರಲಿಲ್ಲ.

—

ಕೋಟೆ ಬಾಗಿಲು · ಮಂಗಳವಾರ

ಎಲ್ಲ ಓದಿದೆ. ಜನರೇ ಕೇಳುತ್ತಾರೆ ಅನ್ನುವ ನನ್ನ ಮಾತನ್ನು ಬಿಡುವುದಿಲ್ಲ. ಆದರೆ ಒಂದು ಪ್ರಶ್ನೆ. ಈಚೆಗೆ ಪೇಪರ್‌ನಲ್ಲಿ, ಮೊಬೈಲ್‌ನಲ್ಲಿ "ಬೊಜ್ಜು ಒಂದು ಕಾಯಿಲೆ, ಡಾಕ್ಟರನ್ನು ಕಾಣಿ" ಅಂತ ಬರುತ್ತದೆ. ಔಷಧದ ಹೆಸರೇ ಇರುವುದಿಲ್ಲ. ಅದು ಜಾಗೃತಿ ತಾನೇ? ಅದನ್ನೂ ತಪ್ಪು ಅನ್ನಬಹುದಾ?

—

ಬ್ಯಾಗ್ ಇಳಿಸಿದವನು · ಮಂಗಳವಾರ ರಾತ್ರಿ

ದುಡ್ಡು ಯಾರು ಕೊಟ್ಟರು ಅಂತ ಕೆಳಗೆ ಸಣ್ಣ ಅಕ್ಷರ ನೋಡಿ, ಸರ್. ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್‌ಗಳು 2025ರಲ್ಲಿ ಒಂದರ ಹಿಂದೆ ಒಂದು ನಮ್ಮ ಮಾರುಕಟ್ಟೆಗೆ ಬಂದವು. ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ. ಇವುಗಳ ಹೆಸರು ಹಾಕುವಂತಿಲ್ಲ. ಕಾಯಿಲೆಯ ಹೆಸರು ಹಾಕುತ್ತಾರೆ. ಆ ಕಾಯಿಲೆಗೆ ಡಾಕ್ಟರ ಹತ್ತಿರ ಹೋದರೆ ಏನು ಸಿಗುತ್ತದೆ ಅಂತ ರೀಲ್ಸ್ ಮಾಡುವವರು ಆಮೇಲೆ ಹೇಳುತ್ತಾರೆ, ಅವರಿಗೆ ಯಾವ ಷೆಡ್ಯೂಲೂ ಗೊತ್ತಿಲ್ಲ. ಸಕ್ಕರೆ ಕಾಯಿಲೆ, ಅತಿ ತೂಕ ಇರುವವರಿಗೆ ಅವು ಒಳ್ಳೆಯ ಔಷಧ, ಇಲ್ಲ ಅನ್ನುವುದಿಲ್ಲ. ಮದುವೆಗೆ ಎರಡು ಇಂಚು ಸೊಂಟ ಕಡಿಮೆ ಮಾಡಿಕೊಳ್ಳಲು ಕೇಳುವವರು ಶುರುವಾಗಿದ್ದಾರಲ್ಲ, ಅವರಿಗೆ ಆ ಆಸೆ ಹುಟ್ಟಿದ್ದು ಎಲ್ಲಿಂದ? "ಜನರೇ ಕೇಳುತ್ತಾರೆ" ಅನ್ನುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

—

ಎಡಿಸನ್ ಕನ್ನಡಿಗ · ಮಂಗಳವಾರ

ಇಲ್ಲಿ ಅಪಾಯಗಳನ್ನು ಟಿವಿಯಲ್ಲಿ ಸ್ಪಷ್ಟವಾಗಿ, ಗಮನ ಬೇರೆಡೆ ಸೆಳೆಯದೆ ಹೇಳಬೇಕು ಅಂತ 2024ರಲ್ಲಿ ಹೊಸ ನಿಯಮ ಜಾರಿಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಕಂಪನಿಗಳಿಗೆ ಸಾವಿರಾರು ಪತ್ರ ಕಳಿಸುವುದಾಗಿ ಹೇಳಿ, 1997ರ ಸಡಿಲಿಕೆಯನ್ನೇ ಹಿಂದೆ ತೆಗೆದುಕೊಳ್ಳುವ ಮಾತಾಡಿತು. ಒಮ್ಮೆ ತೆರೆದ ಗೇಟನ್ನು ಮುಚ್ಚಲು ಎಷ್ಟು ವರ್ಷ ಬೇಕು ನೋಡಿ. ನಮ್ಮಲ್ಲಿ ಗೇಟು ಇನ್ನೂ ಮುಚ್ಚಿದೆ. ಅದನ್ನಾದರೂ ಕಾಪಾಡಿಕೊಳ್ಳಿ.

—

ಕೆರೆದಂಡೆ · ಗುರುವಾರ

ಹೋಗಿ ಬಂದೆವು. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ, ಚೀಲ ಬಿಚ್ಚಿ ಎಲ್ಲ ನೋಡಿದರು. ಲೆವೊಸಲ್ಪಿರೈಡ್ ಇದ್ದದ್ದನ್ನು ನಿಲ್ಲಿಸಿದರು. ಎರಡು ಪ್ಯಾಂಟೊಪ್ರಜೋಲ್‌ನಲ್ಲಿ ಒಂದನ್ನು ತೆಗೆದರು. ಮಂಡಿನೋವಿನ ಮಾತ್ರೆ ಇರುವವರೆಗೆ ಒಂದು ಇರಲಿ ಅಂದರು, ನೋವಿನ ಮಾತ್ರೆಯನ್ನೂ ದಿನಾ ಬೇಡ, ಬೇಕಾದಾಗ ಮಾತ್ರ ಅಂದರು. ಬಿಪಿಯದು ಹಾಗೇ ಮುಂದುವರಿಸಿದ್ದಾರೆ. ಪ್ರತಿ ಮಾತ್ರೆ ಮುಂದೆ "ಯಾವಾಗ ನಿಲ್ಲಿಸಬೇಕು" ಅಂತ ಬರೆದುಕೊಡಿ ಅಂತ ಕೇಳಿದೆ. ಬರೆದುಕೊಟ್ಟರು. ಎರಡು ತಿಂಗಳ ನಂತರ ಕೈ ನಡುಕ ನೋಡಲು ಬರಹೇಳಿದ್ದಾರೆ.

—

ಮಲ್ಲಿಗೆ ಬಳ್ಳಿ · ಗುರುವಾರ

ಕೇಳಿ ಸಮಾಧಾನ ಆಯಿತು. ತಂಗಿಯ ಮುಖದ್ದು ಈಗ ಎಲ್ಲಾದರೂ ದೂರು ಕೊಡಬಹುದಾ? ಟ್ಯೂಬ್ ಇನ್ನೂ ಮನೆಯಲ್ಲಿದೆ.

—

ಸಾಲಿನಲ್ಲಿ ಕೂತವರು · ಗುರುವಾರ ರಾತ್ರಿ

ಕೊಡಬಹುದು. ಔಷಧದಿಂದ ತೊಂದರೆ ಆದರೆ ದಾಖಲಿಸಲು ಫಾರ್ಮಕೊವಿಜಿಲೆನ್ಸ್ ಅಂತ ದೇಶದ ಮಟ್ಟದ ವ್ಯವಸ್ಥೆ ಇದೆ, ಗಾಜಿಯಾಬಾದ್‌ನಿಂದ ನಡೆಯುತ್ತದೆ. ಡಾಕ್ಟರೇ ಹೇಳಬೇಕು ಅಂತಿಲ್ಲ, ರೋಗಿ ಅಥವಾ ಮನೆಯವರು ಹೇಳಬಹುದು. ಕರೆ ಉಚಿತ: 1800 180 3024. ಜನರಿಗಾಗಿ ಇರುವ ಫಾರಂ ಕನ್ನಡದಲ್ಲೂ ಸಿಗುತ್ತದೆ. ಹತ್ತಿರದ ಮೆಡಿಕಲ್ ಕಾಲೇಜಿನಲ್ಲೂ ವಿಚಾರಿಸಿ, ಬಹಳ ಕಡೆ ಇದಕ್ಕೆ ಕೇಂದ್ರ ಇರುತ್ತದೆ. ಟ್ಯೂಬ್ ಎಸೆಯಬೇಡಿ, ಬ್ಯಾಚ್ ನಂಬರ್ ಅದರ ಮಡಿಕೆಯ ತುದಿಯಲ್ಲಿ ಒತ್ತಿರುತ್ತದೆ. ಚೀಟಿ ಇಲ್ಲದೆ ಮಾರಿದ್ದರ ಬಗ್ಗೆ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಬೇರೆ ದೂರು ಬರೆಯಿರಿ, ಬಿಲ್ ಇದ್ದರೆ ಲಗತ್ತಿಸಿ.

—

ಹಳೇಪೇಟೆ ಮೆಡಿಕಲ್ಸ್ · ಶುಕ್ರವಾರ

ಬಿಲ್ ಇಲ್ಲದಿದ್ದರೂ ಬರೆಯಿರಿ ಮೇಡಂ. ಬ್ಯಾಚ್ ನಂಬರ್ ಇದ್ದರೆ ಯಾವ ಸ್ಟಾಕಿಸ್ಟ್‌ನಿಂದ ಯಾವ ಅಂಗಡಿಗಳಿಗೆ ಹೋಯಿತು ಅಂತ ಇನ್‌ಸ್ಪೆಕ್ಟರ್ ಹುಡುಕಬಹುದು. ಇನ್ನು ಮುಂದೆ ಯಾರೇ ಔಷಧ ತಗೊಂಡರೂ ಬಿಲ್ ಕೇಳಿ ತಗೊಳ್ಳಿ. ಕೊಡುವುದು ನಮ್ಮ ಕರ್ತವ್ಯ.